ಓಕಾಮಿಗೆ ಮುಂದಿನ ಭಾಗ ಬರುತ್ತಿದೆ ಸರಿ, ಓಕಾಮಿಡೆನ್ ಎಲ್ಲಿ ಹೋಯಿತು?

ಜಪಾನಿನ ಸೂರ್ಯದೇವತೆ ಬಿಳಿ ತೋಳವಾಗಿ ಓಡಾಡುವ ವಿಡಿಯೋ ಗೇಮ್ ಓಕಾಮಿ. ಅದರ ಮುಂದಿನ ಭಾಗ ತಯಾರಾಗುತ್ತಿದೆ ಅಂತ ಜಪಾನಿನ ಗೇಮ್ ಕಂಪನಿ ಕ್ಯಾಪ್ಕಾಮ್ 2024ರ ಡಿಸೆಂಬರ್ 12ರಂದು ದಿ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಘೋಷಿಸಿತು. ಹೆಸರು ಹೇಳಲಿಲ್ಲ, ದಿನಾಂಕ ಹೇಳಲಿಲ್ಲ. ಮೊದಲ ಗೇಮ್‌ನ ನಿರ್ದೇಶಕ ಹಿದೆಕಿ ಕಾಮಿಯಾ ವಾಪಸ್ ಬಂದಿದ್ದಾರೆ ಅನ್ನುವುದೇ ದೊಡ್ಡ ಸುದ್ದಿಯಾಯಿತು. 18 ವರ್ಷದ ಕಾಯುವಿಕೆ ಮುಗಿಯಿತು ಅಂತ ಅಭಿಮಾನಿಗಳು ಕುಣಿದರು.

ಗೊಂದಲ ಶುರುವಾಗುವುದು ಇಲ್ಲೇ. ಓಕಾಮಿಗೆ ಮುಂದಿನ ಭಾಗ ಆಗಲೇ ಬಂದಿತ್ತು. 2010ರಲ್ಲಿ, ಇದೇ ಕ್ಯಾಪ್ಕಾಮ್‌ನಿಂದ, ನಿಂಟೆಂಡೊ ಡಿಎಸ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ. ಅದರ ಹೆಸರು ಓಕಾಮಿಡೆನ್. ಹಾಗಾದರೆ ಈಗ ಬರುತ್ತಿರುವುದು ಎರಡನೆಯದೋ ಮೂರನೆಯದೋ? ಹೊಸದು ಬರುವ ಮುಂಚೆ ಹಳೆಯದನ್ನು ಆಡಿ ಮುಗಿಸಬೇಕಾ? ಆಡೋಣ ಅಂದರೆ ಯಾವ ಆನ್‌ಲೈನ್ ಅಂಗಡಿಯಲ್ಲೂ ಯಾಕೆ ಸಿಗುತ್ತಿಲ್ಲ?

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಕೊನೆಯದು ಹಾಗಲ್ಲ. ಅದಕ್ಕೆ ಯಂತ್ರದ ವಿನ್ಯಾಸ, ಕಂಪನಿಯ ಲೆಕ್ಕಾಚಾರ, ಕಾಪಿರೈಟ್ ಕಾನೂನು ಮೂರೂ ಸೇರಿಕೊಂಡಿವೆ. ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಒಂದನ್ನು ಬಿಡಿಸಿದರೂ ಸಮಸ್ಯೆ ಬಗೆಹರಿಯುವುದಿಲ್ಲ.

ಪುರಾಣ ಎಲ್ಲಿಂದ ಬಂತು

ಜಪಾನಿನ ಹಳೆಯ ಗ್ರಂಥ ಕೊಜಿಕಿ 712ರದ್ದು. ಸೂರ್ಯದೇವತೆ ಅಮತೆರಾಸು ತಮ್ಮ ಸುಸಾನೊವೊನ ಪುಂಡಾಟ ತಾಳಲಾರದೆ ಗುಹೆಯೊಳಗೆ ಅಡಗಿ ಕೂರುವ ಕಥೆ ಅದರಲ್ಲಿದೆ. ಲೋಕಕ್ಕೆ ಕತ್ತಲು. ಉಳಿದ ದೇವತೆಗಳು ಗುಹೆಯ ಬಾಗಿಲಲ್ಲಿ ಕುಣಿದು, ನಕ್ಕು, ಕನ್ನಡಿ ತೋರಿಸಿ ಅವಳನ್ನು ಹೊರಗೆ ಕರೆಯುತ್ತಾರೆ. ಆಮೇಲೆ ಸ್ವರ್ಗದಿಂದ ಹೊರದಬ್ಬಿಸಿಕೊಂಡ ಸುಸಾನೊವೊ ಇಜುಮೊ ಸೀಮೆಗೆ ಬರುತ್ತಾನೆ. ಎಂಟು ತಲೆಯ ಸರ್ಪ ಯಮಾತ ನೊ ಒರೊಚಿಗೆ ಸಾಕೆ ಅನ್ನುವ ಅಕ್ಕಿ ಮದ್ಯವನ್ನು ಎಂಟು ಪಾತ್ರೆ ಕುಡಿಸಿ, ಅಮಲಿನಲ್ಲಿರುವಾಗ ಕಡಿದು, ಕುಶಿನಾದ ಅನ್ನುವ ಹುಡುಗಿಯನ್ನು ಉಳಿಸುತ್ತಾನೆ.

ಓಕಾಮಿ ಈ ಕಥೆಯನ್ನು ತೆಗೆದುಕೊಂಡು ತಮಾಷೆಯಾಗಿ ತಿರುಗಿಸಿತು. ಇಲ್ಲಿನ ಸುಸಾನೊ ಬಾಯಿಬಡುಕ, ಸೋಮಾರಿ ಕತ್ತಿವೀರ. ಕುಶಿ ಅನ್ನುವವಳು ಕಾಮಿಕಿ ಹಳ್ಳಿಯಲ್ಲಿ ಸಾಕೆ ತಯಾರಿಸುವ ಹೆಣ್ಣು. ಅಮತೆರಾಸು ಮಾತೇ ಆಡದ ತೋಳ. ಇಡೀ ಆಟ ಜಪಾನಿನ ಮಸಿಕುಂಚದ ಚಿತ್ರದ ಹಾಗೆ ಕಾಣುತ್ತದೆ. ಆಟಗಾರ ಆಟವನ್ನು ನಡುವೆ ನಿಲ್ಲಿಸಿ, ಪರದೆಯ ಮೇಲೆ ಕುಂಚದಿಂದ ಬರೆಯಬೇಕು. ಆಕಾಶದಲ್ಲಿ ಒಂದು ವೃತ್ತ ಎಳೆದರೆ ಸೂರ್ಯ ಮೂಡುತ್ತಾನೆ. ಶತ್ರುವಿನ ಮೇಲೆ ಅಡ್ಡಗೆರೆ ಎಳೆದರೆ ಕತ್ತಿಯೇಟು ಬೀಳುತ್ತದೆ. ಮುರಿದ ಸೇತುವೆಯ ಮೇಲೆ ಗೀಚಿದರೆ ಸೇತುವೆ ಸರಿಯಾಗುತ್ತದೆ. ಕುಂಚವನ್ನು ತೆಗೆದುಬಿಟ್ಟರೆ ಓಕಾಮಿಯಲ್ಲಿ ಉಳಿಯುವುದು ಮಾಮೂಲಿ ಸಾಹಸದ ಆಟ. ಮುಂದಿನ ತೊಡಕೆಲ್ಲ ಹುಟ್ಟುವುದು ಈ ಕುಂಚದಿಂದಲೇ.

2006ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಈ ಗೇಮ್‌ಗೆ ಹೊಗಳಿಕೆ ಸಿಕ್ಕಿತು, ಮಾರಾಟ ಸಿಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇದನ್ನು ಮಾಡಿದ ತನ್ನದೇ ಕ್ಲೋವರ್ ಸ್ಟುಡಿಯೋ ಮುಚ್ಚುತ್ತೇವೆ ಅಂತ ಕ್ಯಾಪ್ಕಾಮ್ ಹೇಳಿತು. ಕಾಮಿಯಾ ಮತ್ತು ಜೊತೆಗಾರರು ಹೊರಹೋದರು. ಅವರ ಹೊಸ ಕಂಪನಿ ಮುಂದೆ ಪ್ಲಾಟಿನಮ್‌ಗೇಮ್ಸ್ ಆಯಿತು. 2008ರಲ್ಲಿ ಓಕಾಮಿ ನಿಂಟೆಂಡೊ ವೀಗೆ ಬಂದಾಗ ಕೊನೆಯಲ್ಲಿ ಬರುವ ಕ್ರೆಡಿಟ್ ದೃಶ್ಯವೇ ಮಾಯವಾಗಿತ್ತು. ಅದರಲ್ಲಿ ಕ್ಲೋವರ್ ಲಾಂಛನ ಇತ್ತು, ಬಳಸಲು ನಮಗೆ ಕಾನೂನಿನ ಹಕ್ಕಿಲ್ಲ ಅನ್ನುವುದು ಕ್ಯಾಪ್ಕಾಮ್ ಕೊಟ್ಟ ಕಾರಣ. ಮಾಡಿದವರ ಹೆಸರುಗಳಿದ್ದ ದೃಶ್ಯವೇ ಹೋಯಿತು. ಚಿಕ್ಕ ಸಂಗತಿ ಅನಿಸಬಹುದು. ಆದರೆ ಈ ಸರಣಿಯಲ್ಲಿ ಏನಾದರೊಂದು ಸದ್ದಿಲ್ಲದೆ ಕಾಣೆಯಾಗುವುದು ಓಕಾಮಿಡೆನ್‌ನಿಂದ ಶುರುವಾದದ್ದಲ್ಲ.

ಅಂಗೈ ಯಂತ್ರಕ್ಕೆ ಇಳಿದ ಕುಂಚ

ಕಾಮಿಯಾ ಇಲ್ಲದೆಯೇ ಕ್ಯಾಪ್ಕಾಮ್ ಓಕಾಮಿಡೆನ್ ಮಾಡಿತು. ನಿರ್ದೇಶಕ ಕುನಿಯೊಮಿ ಮಾತ್ಸುಶಿತಾ, ನಿರ್ಮಾಪಕ ಮೊತೊಹಿದೆ ಎಶಿರೊ. ಕಥೆ ನಡೆಯುವುದು ಮೊದಲ ಗೇಮ್ ಮುಗಿದು ಒಂಬತ್ತು ತಿಂಗಳಾದ ಮೇಲೆ. ಅಮತೆರಾಸು ಸ್ವರ್ಗಕ್ಕೆ ಹೋಗಿಯಾಗಿದೆ, ರಾಕ್ಷಸರು ಮತ್ತೆ ತಲೆಯೆತ್ತಿದ್ದಾರೆ. ಈ ಸಲ ಬರುವುದು ಅವಳ ಮರಿ, ಚಿಬಿತೆರಾಸು. ಸುಸಾನೊ ಮತ್ತು ಕುಶಿ ಸಾಕಿದ ಹುಡುಗ ಕುನಿ ಮರಿಯ ಬೆನ್ನೇರಿ ಹೊರಡುತ್ತಾನೆ. ಮುಂದೆ ಬೇರೆ ಬೇರೆ ಮಕ್ಕಳು ಜೊತೆಯಾಗುತ್ತಾರೆ.

ಡಿಎಸ್‌ಗೆ ಎರಡು ಪರದೆ. ಒಂದೊಂದೂ 256×192 ಚುಕ್ಕೆಯಷ್ಟೇ ಚಿಕ್ಕದು. ಮೇಲಿನ ಪರದೆಯಲ್ಲಿ ಆಟ ನಡೆಯುತ್ತದೆ. ಕುಂಚ ಬೇಕಾದಾಗ ಬಟನ್ ಒತ್ತಿದರೆ ಆ ದೃಶ್ಯ ಕೆಳಗಿನ ಪರದೆಗೆ ಇಳಿದು ನಿಲ್ಲುತ್ತದೆ. ಅಲ್ಲಿ ಸ್ಟೈಲಸ್ ಅನ್ನುವ ಪೆನ್ನಿನಂಥ ಕಡ್ಡಿಯಿಂದ ಬರೆಯಬೇಕು. ಆ ಪರದೆ ಹಳೆಯ ಎಟಿಎಂ ಪರದೆಗಳ ಥರ, ಒತ್ತಿದರೆ ಮಾತ್ರ ಗೊತ್ತಾಗುವಂಥದ್ದು. ಹಾಗಾಗಿ ಸಣ್ಣ ಮೊನೆಯ ಕಡ್ಡಿಯಿಂದ ಸಣ್ಣ ಗೆರೆಯನ್ನೂ ಸರಿಯಾಗಿ ಎಳೆಯಬಹುದು. ಪ್ಲೇಸ್ಟೇಷನ್ನಿನ ಜಾಯ್‌ಸ್ಟಿಕ್ ತಿರುಗಿಸಿ ವೃತ್ತ ಬರೆಯುವ ಕಷ್ಟ ಇಲ್ಲಿಲ್ಲ. ಜೊತೆಗಿರುವ ಮಗು ನಡೆಯಬೇಕಾದ ದಾರಿಯನ್ನೂ ಕುಂಚದಿಂದಲೇ ಎಳೆದು ತೋರಿಸಬಹುದು. ಆ ಗೆರೆಯ ಮೇಲೆಯೇ ಮಗು ಹೆಜ್ಜೆ ಇಡುತ್ತದೆ. ಗೆರೆ ತಪ್ಪಿದರೆ ಹಳ್ಳಕ್ಕೆ.

ಲೋಕ ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯಿತು, ಕೆಲವು ಕಡೆ ಆಟ ನಿಧಾನವಾಗುತ್ತದೆ, ನಿಜ. ಆದರೂ ಕುಂಚದ ವಿಷಯದಲ್ಲಿ ಮಾತ್ರ ಚಿಕ್ಕ ಯಂತ್ರದ ಗೇಮ್ ದೊಡ್ಡ ಯಂತ್ರದ್ದಕ್ಕಿಂತ ಒಂದು ಕೈ ಮೇಲು. ಅದರ ಬಲ ಇರುವುದೇ ಇಲ್ಲಿ, ಇವತ್ತಿನ ಪಜೀತಿಗೆ ಕಾರಣವೂ ಇದೇ.

ಬಂದ ಗಳಿಗೆಯೇ ಸರಿಯಿರಲಿಲ್ಲ

ಜಪಾನಿನಲ್ಲಿ ಓಕಾಮಿಡೆನ್ 2010ರ ಸೆಪ್ಟೆಂಬರ್ 30ಕ್ಕೆ ಬಂತು. ಅಮೆರಿಕಕ್ಕೆ ಬಂದದ್ದು 2011ರ ಮಾರ್ಚ್ 15ಕ್ಕೆ. ಅದಾದ 12 ದಿನಕ್ಕೆ, ಮಾರ್ಚ್ 27ರಂದು, ಡಿಎಸ್‌ನ ಮುಂದಿನ ತಲೆಮಾರಿನ ಯಂತ್ರ 3ಡಿಎಸ್ ಅಲ್ಲಿನ ಅಂಗಡಿಗಳಿಗೆ ಬಂತು. ಹೊಸ ಯಂತ್ರದಲ್ಲಿ ಗೇಮ್ ತುಂಬಿಟ್ಟ ಹಳೆಯ ಕಾರ್ಟ್ರಿಡ್ಜ್ ನಡೆಯುತ್ತಿತ್ತು, ಸರಿ. ಆದರೆ ಅಂಗಡಿಯ ಕಪಾಟು, ಜಾಹೀರಾತು, ಪತ್ರಿಕೆಗಳ ಪುಟ ಎಲ್ಲವೂ ಹೊಸದರ ಪಾಲಾದವು.

ಇನ್ನೊಂದು ವಿಷಯ. ಡಿಎಸ್ 15 ಕೋಟಿ 40 ಲಕ್ಷಕ್ಕೂ ಜಾಸ್ತಿ ಮಾರಾಟವಾದ ಯಂತ್ರ. ಅದರ ಬೆನ್ನಿಗೇ ಕದ್ದು ಇಳಿಸಿಕೊಂಡ ಗೇಮ್‌ಗಳನ್ನು ಆಡಿಸುವ ಆರ್4 ಥರದ ಕಳ್ಳ ಕಾರ್ಡುಗಳ ಕಾಟವೂ ಇತ್ತು. ಅವುಗಳ ಮಾರಾಟ, ಆಮದು ನಿಲ್ಲಿಸಿ ಅಂತ ಟೋಕಿಯೋ ಜಿಲ್ಲಾ ನ್ಯಾಯಾಲಯ 2009ರಲ್ಲೇ ಆದೇಶಿಸಿತ್ತು. ಯಂತ್ರದ ಕೊನೆಗಾಲದಲ್ಲಿ ಬಂದ ಗೇಮ್‌ಗೆ ಈ ಮಾರುಕಟ್ಟೆಯಲ್ಲಿ ಉಸಿರಾಡಲು ಜಾಗ ಕಮ್ಮಿ.

ಹೊಸ ಭಾಗ ಇದನ್ನು ಯಾಕೆ ದಾಟಿ ಹೋಗುತ್ತಿದೆ

ಹೊಸ ಗೇಮ್‌ನ ನಿರ್ಮಾಪಕ ಯೋಶಿಯಾಕಿ ಹಿರಾಬಯಾಶಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಓಕಾಮಿಡೆನ್‌ಗೆ ಅಭಿಮಾನಿಗಳಿದ್ದಾರೆ ಅನ್ನುವುದು ಗೊತ್ತು, ಅದರ ಕಥೆಯ ಬಗ್ಗೆ ಬಂದ ತಕರಾರೂ ಗೊತ್ತು, ಹೊಸದು ಮೂಲ ಓಕಾಮಿಯ ಕಥೆಯಿಂದಲೇ ನೇರವಾಗಿ ಮುಂದುವರಿಯುತ್ತದೆ ಅನ್ನುವುದು ಅವರ ಮಾತಿನ ಸಾರ. ಓಕಾಮಿಡೆನ್ ಸುಳ್ಳು ಅಂತಲೂ ಅಂದಿಲ್ಲ, ನಿಜ ಅಂತಲೂ ಅಂದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಂದರೆ ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಇಷ್ಟು: ಹೊಸದು ಮೂಲ ಓಕಾಮಿಯ ಮುಂದುವರಿಕೆ, ಅದನ್ನು ಆಡಲು ಓಕಾಮಿ ಸಾಕು, ಓಕಾಮಿಡೆನ್ ಕಡ್ಡಾಯವಲ್ಲ.

ಹೀಗೆ ಮಾಡುವುದರಲ್ಲಿ ತಪ್ಪಿಲ್ಲ ಅನ್ನುವವರ ವಾದವನ್ನೂ ಕೇಳಬೇಕು. ಮೊದಲ ಕಥೆ ಕಟ್ಟಿದವರು ಕಾಮಿಯಾ. ಎರಡನೆಯದು ಅವರ ಕೈಯಲ್ಲಿ ಆದದ್ದಲ್ಲ. 2023ರ ಅಕ್ಟೋಬರ್‌ನಲ್ಲಿ ಅವರು ಪ್ಲಾಟಿನಮ್‌ಗೇಮ್ಸ್ ಬಿಟ್ಟರು. ಈಗ ಕ್ಲೋವರ್ಸ್ ಅನ್ನುವ ಸ್ಟುಡಿಯೋದಲ್ಲಿದ್ದುಕೊಂಡು, ತಾನು ಅರ್ಧಕ್ಕೆ ಬಿಟ್ಟ ಕಥೆಯನ್ನು ಮುಗಿಸಲು ಹೊರಟಿದ್ದಾರೆ. ಬೇರೆಯವರು ನಡುವೆ ಸೇರಿಸಿದ ಅಧ್ಯಾಯಕ್ಕೆ ಅವರು ಯಾಕೆ ಕಟ್ಟುಬೀಳಬೇಕು? ನ್ಯಾಯವಾದ ಮಾತೇ. ಪುರಾಣವೇ ಅಂಥದ್ದು, ಅಲ್ವಾ? ಕೊಜಿಕಿ ಬಂದ ಎಂಟೇ ವರ್ಷಕ್ಕೆ, 720ರಲ್ಲಿ, ನಿಹೊನ್ ಶೊಕಿ ಅನ್ನುವ ಇನ್ನೊಂದು ಗ್ರಂಥ ಬಂತು. ಅದು ಒಂದೇ ಕಥೆಗೆ ‘ಇನ್ನೊಂದು ಗ್ರಂಥ ಹೀಗೆ ಹೇಳುತ್ತದೆ’ ಅಂತ ಹಲವು ಪಾಠಾಂತರಗಳನ್ನು ಪಕ್ಕಪಕ್ಕದಲ್ಲೇ ಇಟ್ಟಿತು.

ವ್ಯತ್ಯಾಸ ಒಂದೇ. ನಿಹೊನ್ ಶೊಕಿಯ ಓದುಗನಿಗೆ ಎಲ್ಲ ಪಾಠಾಂತರಗಳೂ ಕಣ್ಣಮುಂದೆ ಇವೆ. ಓಕಾಮಿ ಪ್ಲೇಸ್ಟೇಷನ್ 3, 4, ಎಕ್ಸ್‌ಬಾಕ್ಸ್ ಒನ್, ಪಿಸಿ, ನಿಂಟೆಂಡೊ ಸ್ವಿಚ್ ಎಲ್ಲಕ್ಕೂ ಬಂದಿದೆ. ಓಕಾಮಿಡೆನ್ ಡಿಎಸ್ ಕಾರ್ಟ್ರಿಡ್ಜ್ ಬಿಟ್ಟು ಬೇರೆ ಯಾವುದರಲ್ಲೂ ಬಂದಿಲ್ಲ. ಡೌನ್‌ಲೋಡ್ ರೂಪದಲ್ಲಿ ಮಾರಿಯೇ ಇಲ್ಲ. ಆಡಿ ನೋಡಲು ಸಾಧ್ಯವಾದರೆ ಜನ ತಾವೇ ತೀರ್ಮಾನಿಸುತ್ತಾರೆ. ಆಡಲಾಗದಿದ್ದರೆ ಕಂಪನಿಯ ಮೌನವೇ ತೀರ್ಮಾನವಾಗುತ್ತದೆ.

ಎರಡು ಪರದೆಯ ತೊಡಕು ನಿಜವೋ ನೆಪವೋ

ಡಿಎಸ್ ಗೇಮ್‌ಗಳನ್ನು ಇವತ್ತಿನ ಯಂತ್ರಕ್ಕೆ ತರುವುದು ಕಷ್ಟ ಅನ್ನುವ ಮಾತಿನಲ್ಲಿ ಹುರುಳಿದೆ. ಟಿವಿಗೆ ಇರುವುದು ಒಂದೇ ಪರದೆ, ಅದನ್ನು ಮುಟ್ಟಿ ಆಡಲಾಗುವುದಿಲ್ಲ. ಸ್ವಿಚ್ ಅನ್ನು ಕೈಯಲ್ಲಿ ಹಿಡಿದಾಗ ಮುಟ್ಟಬಹುದು, ಟಿವಿಗೆ ಜೋಡಿಸಿದರೆ ಅದೂ ಇಲ್ಲ. ಅದೂ ಬೆರಳಿಗೆ ಸ್ಪಂದಿಸುವ ಪರದೆ, ಡಿಎಸ್‌ನ ಕಡ್ಡಿಯ ನಿಖರತೆ ಬೆರಳಿಗೆ ಎಲ್ಲಿಂದ ಬರಬೇಕು?

ಆದರೆ ಬೇರೆಯವರು ದಾರಿ ಕಂಡುಕೊಂಡಿದ್ದಾರೆ. ಆಟಗಾರನೇ ಕೆಳಗಿನ ಪರದೆಯಲ್ಲಿ ನಕ್ಷೆ ಬರೆದುಕೊಳ್ಳಬೇಕಿದ್ದ ಎಟ್ರಿಯನ್ ಒಡಿಸ್ಸಿಯ ಮೊದಲ ಮೂರು ಡಿಎಸ್ ಗೇಮ್‌ಗಳನ್ನು ಅಟ್ಲಸ್ 2023ರಲ್ಲಿ ಒಂದೇ ಪರದೆಗೆ ಹೊಂದಿಸಿ ತಂದಿತು. ಕೊನಾಮಿ 2024ರಲ್ಲಿ ಮೂರು ಕ್ಯಾಸಲ್‌ವೇನಿಯಾ ಡಿಎಸ್ ಗೇಮ್‌ಗಳನ್ನು ಒಟ್ಟಿಗೆ ಮತ್ತೆ ಮಾರಿತು. ಕ್ಯಾಪ್ಕಾಮ್ ಕೂಡ ಹಿಂದೆ ಬಿದ್ದಿಲ್ಲ. ಓಕಾಮಿಡೆನ್ ಬಂದ ವರ್ಷವೇ ಜಪಾನಿನಲ್ಲಿ ಡಿಎಸ್‌ಗೆ ಬಂದಿದ್ದ ಘೋಸ್ಟ್ ಟ್ರಿಕ್ ಅನ್ನು 2023ರ ಜೂನ್‌ನಲ್ಲಿ ಹೊಸ ಯಂತ್ರಗಳಿಗೆ ತಂದಿತು.

ಓಕಾಮಿಡೆನ್‌ಗೆ ಇದಕ್ಕಿಂತ ಜಾಸ್ತಿ ಕೆಲಸ ಬೇಕು ಅನ್ನುವುದನ್ನು ಒಪ್ಪೋಣ. ಘೋಸ್ಟ್ ಟ್ರಿಕ್‌ನಲ್ಲಿ ಸ್ಟೈಲಸ್ ಬರೀ ತೋರುಬೆರಳಿನ ಕೆಲಸ ಮಾಡುತ್ತಿತ್ತು, ಬಟನ್‌ನಿಂದ ಅದನ್ನು ಮಾಡಿಸಬಹುದು. ಓಕಾಮಿಡೆನ್‌ನಲ್ಲಿ ಅದು ಬರೆಯುವ ಕೈ. 256×192 ಪರದೆಗೆ ಮಾಡಿದ ಪುಟ್ಟ ಬೊಂಬೆಗಳನ್ನು 55 ಇಂಚಿನ ಟಿವಿಯಲ್ಲಿ ತೋರಿಸಲು ಚಿತ್ರಗಳನ್ನೂ ಮತ್ತೆ ತಿದ್ದಬೇಕು. ಆದರೂ ಕುಂಚವನ್ನು ಜಾಯ್‌ಸ್ಟಿಕ್‌ನಿಂದ, ಕೈ ಅಲುಗಾಟದಿಂದ, ಬೆರಳಿನಿಂದ ನಡೆಸುವ ಉಪಾಯಗಳೆಲ್ಲ ಓಕಾಮಿಯ ಬೇರೆ ಬೇರೆ ಆವೃತ್ತಿಗಳಲ್ಲಿ ಕ್ಯಾಪ್ಕಾಮ್ ಹತ್ತಿರ ಆಗಲೇ ಇವೆ. ತಂತ್ರಜ್ಞಾನದ ಅಡ್ಡಿ ನಿಜ, ದಾಟಲಾಗದ್ದು ಅಲ್ಲ.

ಲೆಕ್ಕದ ಪುಸ್ತಕ

ಹಾಗಾದರೆ ಅಡ್ಡಿ ಹಣದ್ದು. ಹಳೆಯ ಗೇಮ್‌ಗಳನ್ನು ವರ್ಷಗಟ್ಟಲೆ, ಬೆಲೆ ಇಳಿಸುತ್ತಾ ಮಾರುವುದು ಕ್ಯಾಪ್ಕಾಮ್ ವ್ಯಾಪಾರದ ದೊಡ್ಡ ಭಾಗ. ಓಕಾಮಿಯೇ ಅದಕ್ಕೆ ಸಾಕ್ಷಿ. ಬಿಡುಗಡೆಯಾದಾಗ ಸೋತ ಗೇಮ್ ಮರುಬಿಡುಗಡೆಗಳಲ್ಲಿ ನಿಧಾನವಾಗಿ ಆಟಗಾರರನ್ನು ಗಳಿಸಿಕೊಂಡಿತು. ಆ ಗಳಿಕೆಯಿಲ್ಲದೆ ಹೊಸ ಭಾಗಕ್ಕೆ ದುಡ್ಡು ಹಾಕುವ ಧೈರ್ಯ ಯಾರಿಗೆ ಬರುತ್ತಿತ್ತು?

ಇಲ್ಲೊಂದು ಸುಳಿ ಇದೆ. ಮಾರಾಟಕ್ಕೆ ಇದ್ದರೆ ಮಾತ್ರ ಬೇಡಿಕೆ ಎಷ್ಟಿದೆ ಅಂತ ಲೆಕ್ಕ ಸಿಗುತ್ತದೆ. ಲೆಕ್ಕ ಸಿಕ್ಕರೆ ಮಾತ್ರ ಮರುಬಿಡುಗಡೆಗೆ ಒಪ್ಪಿಗೆ ಸಿಗುತ್ತದೆ. ಓಕಾಮಿಡೆನ್ ಮಾರಾಟಕ್ಕೇ ಇಲ್ಲ, ಹಾಗಾಗಿ ಅದರ ಬೇಡಿಕೆ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜ್ ಎಷ್ಟೇ ಕೈ ಬದಲಾಯಿಸಲಿ, ಎಷ್ಟೇ ಬೆಲೆಗೆ ಹೋಗಲಿ, ಕ್ಯಾಪ್ಕಾಮ್‌ಗೆ ನಯಾಪೈಸೆ ಬರುವುದಿಲ್ಲ. ಇನ್ನೊಂದು ಕಡೆ, ಹೊಸ ಭಾಗದ ಪ್ರಚಾರ ನಡೆಯುವಾಗ ಅದರ ಕಥೆಗೆ ಹೊಂದದೇ ಇರಬಹುದಾದ ಹಳೆಯ ಭಾಗವನ್ನು ಮಾರಿ ಗಿರಾಕಿಯನ್ನು ಗೊಂದಲಗೊಳಿಸಲು ಮಾರಾಟ ವಿಭಾಗದವರು ಒಪ್ಪುತ್ತಾರಾ? ಅನುಮಾನ.

ಅಂಗಡಿ ತೆರೆದಿಡುವ ನಿರ್ಧಾರವೂ ಗಿರಾಕಿಯ ಕೈಯಲ್ಲಿಲ್ಲ. ಡಿಎಸ್‌ನ ಸುಧಾರಿತ ರೂಪ ಡಿಎಸ್‌ಐಯ ಆನ್‌ಲೈನ್ ಅಂಗಡಿ 2017ರ ಮಾರ್ಚ್ 31ಕ್ಕೆ ಮುಚ್ಚಿತು. 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ ನಿಂತಿತು. ಪ್ಲೇಸ್ಟೇಷನ್ 3 ಮತ್ತು ಅಂಗೈ ಯಂತ್ರ ವೀಟಾದ ಅಂಗಡಿ ಮುಚ್ಚುತ್ತೇವೆ ಅಂತ 2021ರಲ್ಲಿ ಹೇಳಿದ್ದ ಸೋನಿ, ಜನ ಸಿಡಿದೆದ್ದ ಮೇಲೆ ಆ ಎರಡರ ಮಟ್ಟಿಗೆ ಹಿಂದೆ ಸರಿಯಿತು. ಸೋನಿಯದೇ ಇನ್ನೊಂದು ಅಂಗೈ ಯಂತ್ರ ಪಿಎಸ್‌ಪಿಗೆ ಆ ಭಾಗ್ಯ ಸಿಗಲಿಲ್ಲ. ಈ ಪಟ್ಟಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರಗಳೇ ಜಾಸ್ತಿ ಅನ್ನುವುದನ್ನು ಗಮನಿಸಿ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ಕಂಪನಿ ಮಾರದಿದ್ದರೆ ಗ್ರಂಥಾಲಯದವರಾದರೂ ಕೊಡಲಿ ಅನ್ನುವುದು ಗೇಮ್ ಉಳಿಸುವವರ ವಾದ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಇಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಓಕಾಮಿಡೆನ್ ಆ ಗೆರೆಯ ಸ್ವಲ್ಪ ಆಚೆಗಿದೆ, ರೋಗ ಮಾತ್ರ ಅದೇ. ಮಾರಾಟದಲ್ಲಿಲ್ಲದ ಗೇಮ್‌ಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಬಿಡುವ ಅವಕಾಶ ಗ್ರಂಥಾಲಯಗಳಿಗೆ ಬೇಕು ಅನ್ನುವ ಮನವಿಯೂ ಹೋಯಿತು. ಹಾಗೆ ಬಿಟ್ಟರೆ ಜನ ಮಜಾಕ್ಕೆ ಆಡುತ್ತಾರೆ, ಹಳೆಯ ಗೇಮ್‌ಗಳ ಮಾರುಕಟ್ಟೆ ಕೆಡುತ್ತದೆ ಅಂತ ಉದ್ಯಮದ ಸಂಘ ವಿರೋಧಿಸಿತು. ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಮನವಿ ತಳ್ಳಿಹಾಕಿತು. ಅಂದರೆ ಗ್ರಂಥಾಲಯದ ಕಟ್ಟಡದೊಳಗೆ ಹೋಗಿಯೇ ಆಡಬೇಕು.

ಉದ್ಯಮದ ಭಯ ಪೂರ್ತಿ ಸುಳ್ಳಲ್ಲ. ಘೋಸ್ಟ್ ಟ್ರಿಕ್ 13 ವರ್ಷದ ಮೇಲೆ ಹೊಸ ಯಂತ್ರಗಳಲ್ಲಿ ಮಾರಾಟವಾಯಿತಲ್ಲ, ನಡುವೆ ಎಲ್ಲರಿಗೂ ಬಿಟ್ಟಿ ಸಿಕ್ಕಿದ್ದರೆ ಅಷ್ಟು ದುಡ್ಡು ಹಾಕುತ್ತಿದ್ದರಾ? ಆದರೆ ಮತ್ತೆ ಮಾರುವ ಯೋಚನೆಯೇ ಇಲ್ಲದ ಗೇಮ್‌ಗೂ ಅದೇ ಬೀಗ ಹಾಕುವುದು ಎಷ್ಟು ಸರಿ? ಅಮೆರಿಕದಲ್ಲಿ ಕಂಪನಿಯ ಕೃತಿಗೆ ಕಾಪಿರೈಟ್ ಪ್ರಕಟವಾದಂದಿನಿಂದ 95 ವರ್ಷ. ಅಷ್ಟು ಹೊತ್ತಿಗೆ ಡಿಎಸ್ ಯಂತ್ರ ಒಂದಾದರೂ ಆನ್ ಆಗುತ್ತದೆ ಅಂತ ಪಣ ಕಟ್ಟುವವರು ಯಾರೂ ಇಲ್ಲ.

ಜಪಾನಿನಲ್ಲಿ ಚಿತ್ರ ಸ್ವಲ್ಪ ಬೇರೆ. ಅಲ್ಲಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯಕ್ಕೆ ಪುಸ್ತಕದ ಹಾಗೆಯೇ ಪ್ಯಾಕೆಟ್‌ನಲ್ಲಿ ಬರುವ ಗೇಮ್‌ಗಳ ಪ್ರತಿಯನ್ನೂ ಕೊಡಬೇಕು ಅನ್ನುವ ನಿಯಮ 2000ದಿಂದ ಇದೆ. ಬಳಸಿದ ಗೇಮ್ ಮಾರುವುದು ತಪ್ಪಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು. ಅದನ್ನು ನಿಲ್ಲಿಸಬೇಕು ಅಂತ ಕೋರ್ಟಿಗೆ ಹೋಗಿದ್ದವರಲ್ಲಿ ಕ್ಯಾಪ್ಕಾಮ್ ಕೂಡ ಒಂದು. ಇವತ್ತು ಓಕಾಮಿಡೆನ್ ಯಾರಿಗಾದರೂ ನ್ಯಾಯವಾಗಿ ಸಿಗುತ್ತಿದ್ದರೆ ಅದು ಕ್ಯಾಪ್ಕಾಮ್ ವಿರೋಧಿಸಿದ ಅದೇ ಹಳೆ ಗೇಮ್ ಅಂಗಡಿಗಳ ಮೂಲಕ.

ಇಲ್ಲಿ ಕೂತು ಆಡುವವರ ಪಾಡು

ಕಂಪ್ಯೂಟರಿನಲ್ಲಿ ಡಿಎಸ್‌ನಂತೆ ವರ್ತಿಸುವ ಎಮ್ಯುಲೇಟರ್‌ಗಳಿವೆ. ಎಮ್ಯುಲೇಟರ್ ಬರೆಯುವುದೇ ತಪ್ಪು ಅನ್ನಲಾಗದು ಅಂತ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ಮೊಕದ್ದಮೆಯಲ್ಲಿ ಹೇಳಿದೆ. ಆದರೆ ನಕಲು ತಡೆಯುವ ತಾಂತ್ರಿಕ ಬೀಗ ಮುರಿಯುವ ಪ್ರಶ್ನೆ ಬಂದಾಗ ಕಥೆ ಬದಲಾಗುತ್ತದೆ. ಸ್ವಿಚ್ ಎಮ್ಯುಲೇಟರ್ ಯೂಜು ಮಾಡಿದವರು 2024ರ ಮಾರ್ಚ್‌ನಲ್ಲಿ ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಹಾಕಿದರು.

ಭಾರತದಲ್ಲಿ 1957ರ ಕಾಪಿರೈಟ್ ಕಾಯ್ದೆಯೇ ಆಧಾರ. ನ್ಯಾಯವಾಗಿ ನಮ್ಮ ಬಳಿ ಇರುವ ಸಾಫ್ಟ್‌ವೇರ್ ಹಾಳಾಗಬಹುದು ಅನ್ನುವ ಕಾರಣಕ್ಕೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು 52ನೇ ಕಲಂ ಜಾಗ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಅನ್ನುತ್ತದೆ. ಉದ್ದೇಶ ಅನ್ನುವ ಆ ಷರತ್ತು ಮುಖ್ಯ. ಅಮೆರಿಕದ ಕಾನೂನಿಗಿಂತ ನಮ್ಮದು ಇಲ್ಲಿ ತುಸು ಸಡಿಲ. ಹಾಗಂತ ಯಾರೋ ಇಂಟರ್ನೆಟ್ಟಿಗೆ ಹಾಕಿದ ಪ್ರತಿಯನ್ನು ಸುಮ್ನೆ ಇಳಿಸಿಕೊಳ್ಳುವುದಕ್ಕೆ ಬ್ಯಾಕಪ್ ವಿನಾಯಿತಿ ಅನ್ವಯಿಸುವುದಿಲ್ಲ.

ಸರಿಯಾದ ದಾರಿಯಲ್ಲೇ ಆಡಬೇಕು ಅನ್ನುವವರಿಗೆ ಒಂದು ಸಮಾಧಾನ ಇದೆ. ಓಕಾಮಿಡೆನ್ ಸಾಮಾನ್ಯ ಡಿಎಸ್ ಕಾರ್ಟ್ರಿಡ್ಜ್, ಪ್ರದೇಶದ ಬೀಗ ಇಲ್ಲ. ಅಮೆರಿಕದಲ್ಲಿರುವ ನೆಂಟರು ತಂದ ಪ್ರತಿ ಜಪಾನಿನ ಯಂತ್ರದಲ್ಲೂ ನಡೆಯುತ್ತದೆ. 3ಡಿಎಸ್‌ನಲ್ಲಿ ಹಾಕಿದರೆ ಚಿತ್ರ ಹಿಗ್ಗಿ ಮಸುಕಾಗಿ ಕಾಣುತ್ತದೆ. ಸ್ಟಾರ್ಟ್ ಅಥವಾ ಸೆಲೆಕ್ಟ್ ಬಟನ್ ಒತ್ತಿಹಿಡಿದು ಗೇಮ್ ಶುರು ಮಾಡಿದರೆ ಮೂಲ ಗಾತ್ರದಲ್ಲೇ, ಚಿಕ್ಕದಾಗಿ ಆದರೆ ಚೂಪಾಗಿ ಬರುತ್ತದೆ. ಆ ಯಂತ್ರದ ತಯಾರಿಕೆಯೂ 2020ರಲ್ಲೇ ನಿಂತಿದೆ ಅನ್ನುವುದು ನೆನಪಿರಲಿ.

ಮುಂದೆ ಏನಾಗಬಹುದು

ಮೂರು ಸಾಧ್ಯತೆ ಕಾಣುತ್ತವೆ. ಹೊಸ ಭಾಗದ ಜೊತೆ ಕ್ಯಾಪ್ಕಾಮ್ ಓಕಾಮಿಡೆನ್ ಅನ್ನೂ ತಿದ್ದಿ ಮಾರಬಹುದು. ಆಗ ಎಲ್ಲರಿಗೂ ಒಳ್ಳೆಯದು, ಆದರೆ ಎರಡು ಕಥೆಗಳು ಡಿಕ್ಕಿ ಹೊಡೆದರೆ ವಿವರಣೆ ಕೊಡುವ ಹೊರೆ ಕಂಪನಿಯದ್ದು. ಎರಡನೆಯದು, ಹೊಸ ಕಥೆಯಲ್ಲಿ ಚಿಬಿತೆರಾಸುಗೋ ಕುನಿಗೋ ಸಣ್ಣ ಪಾತ್ರ ಕೊಟ್ಟು ಹಳೆಯ ಅಭಿಮಾನಿಗಳನ್ನು ಸಮಾಧಾನಪಡಿಸುವುದು. ಇದಕ್ಕೆ ಖರ್ಚು ಕಮ್ಮಿ. ಮೂರನೆಯದು, ಏನೂ ಹೇಳದೆ ಇದ್ದುಬಿಡುವುದು. ಇದಕ್ಕೆ ಖರ್ಚೇ ಇಲ್ಲ, ಹಾಗಾಗಿ ಇದೇ ಆಗುವ ಸಂಭವ ಜಾಸ್ತಿ.

ಮೂರನೆಯದೇ ಆದರೆ ಪರಿಣಾಮ ಓಕಾಮಿಡೆನ್‌ಗೆ ಮಾತ್ರ ನಿಲ್ಲುವುದಿಲ್ಲ. ದೊಡ್ಡ ಯಂತ್ರದ ಗೇಮ್‌ಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತವೆ, ಅಂಗೈ ಯಂತ್ರದ ಗೇಮ್‌ಗಳು ಯಂತ್ರದ ಜೊತೆಗೇ ಸಾಯುತ್ತವೆ ಅನ್ನುವ ರೂಢಿ ಇನ್ನಷ್ಟು ಗಟ್ಟಿಯಾಗುತ್ತದೆ. ಯಂತ್ರದ ವಿಶೇಷವನ್ನು ಚೆನ್ನಾಗಿ ಬಳಸಿಕೊಂಡ ಗೇಮ್‌ಗೇ ಸಾವು ಬೇಗ. ಕಡ್ಡಿ ಹಿಡಿದು ಗೆರೆ ಎಳೆಯುವ ಗೇಮ್ ಮಾಡಿದವರಿಗೆ ಶಿಕ್ಷೆ, ಎಲ್ಲಿ ಬೇಕಾದರೂ ನಡೆಯುವ ಸಾದಾ ಗೇಮ್ ಮಾಡಿದವರಿಗೆ ಬಹುಮಾನ. ಇದನ್ನು ನೋಡಿದ ಯಾವ ನಿರ್ದೇಶಕ ಮುಂದಿನ ಸಲ ಹೊಸ ಪ್ರಯೋಗಕ್ಕೆ ಕೈ ಹಾಕುತ್ತಾನೆ?

ಕ್ಯಾಪ್ಕಾಮ್ ತಾನೇ ಮಾರದಿದ್ದರೂ ಒಂದು ಕೆಲಸ ಮಾಡಬಹುದು. ಗ್ರಂಥಾಲಯಗಳಿಗೂ ಸಂಶೋಧನಾ ಕೇಂದ್ರಗಳಿಗೂ ಅನುಮತಿ ಪತ್ರ ಕೊಡಬಹುದು. ಕ್ಯೋಟೊದ ರಿತ್ಸುಮೆಯ್ಕಾನ್ ವಿಶ್ವವಿದ್ಯಾಲಯದಲ್ಲಿ ಗೇಮ್ ಅಧ್ಯಯನಕ್ಕೆಂದೇ ಒಂದು ಕೇಂದ್ರವಿದೆ, ಸಂಗ್ರಹವೂ ಇದೆ. ಹಕ್ಕುದಾರರೇ ಒಪ್ಪಿದರೆ ಅಮೆರಿಕದ ಕಾಪಿರೈಟ್ ಕಚೇರಿಯ ವಿನಾಯಿತಿಗೆ ಕಾಯುವ ಅಗತ್ಯವೇ ಬೀಳುವುದಿಲ್ಲ.